ಯಾರದೂ ಅಲ್ಲದ ಹಾಡು

ಕಂಪನಿ ಕಳಿಸಿದ್ದಕ್ಕೆ 2018ರಲ್ಲಿ ಒಂದು ವರ್ಷ ಅಮೆರಿಕದ ಡಲ್ಲಾಸ್ ಪಕ್ಕ ಇದ್ದೆ. ಬೆಳಿಗ್ಗೆ ಆಫೀಸಿಗೆ ಮುಕ್ಕಾಲು ಗಂಟೆ ಡ್ರೈವಿಂಗು, ಸಂಜೆ ವಾಪಸ್ ಬರುವಾಗ ಒಂದು ಗಂಟೆಗೂ ಮೇಲೆ. ಹೆಂಡತಿ, ಎಂಟು ತಿಂಗಳ ಮಗಳು ಇಬ್ಬರೂ ಬೆಂಗಳೂರಲ್ಲಿ. ಕಾರಿನಲ್ಲಿ ಮಾತಾಡೋಕೆ ಯಾರೂ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಅದರ ಜೊತೆ ಮೂರು ತಿಂಗಳು ಪುಕ್ಕಟೆ ಸ್ಯಾಟಲೈಟ್ ರೇಡಿಯೋ ಬಂದಿತ್ತು. ಪುಕ್ಕಟೆ ಅವಧಿ ಮುಗಿದ ಮೇಲೂ ದುಡ್ಡು ಕಟ್ಟಿ ಇಟ್ಟುಕೊಂಡೆ. ಆ ರೇಡಿಯೋದಲ್ಲಿ ಕೇಳಿದ ಕೆಲವು ಹಾಡುಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯೋಕೆ ಕೂತರೆ ಪ್ರತಿ ಸಲವೂ ಅದು ನಮ್ಮಜ್ಜಿ ಹತ್ತಿರ ಹೋಗಿ ನಿಲ್ಲುತ್ತೆ. ಅದಕ್ಕೇ ತಡ ಆಯ್ತು.

ಸ್ಯಾಟಲೈಟ್ ರೇಡಿಯೋ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಎಫ್‌ಎಂ ಸ್ಟೇಷನ್ನಿನ ಟವರು ಬಿಟ್ಟು ನಲವತ್ತೈವತ್ತು ಮೈಲಿ ಹೋದರೆ ಹಾಡು ಕೊರಕೊರ ಅನ್ನೋಕೆ ಶುರುವಾಗುತ್ತೆ. ಇದು ಹಾಗಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರೋ ಉಪಗ್ರಹದಿಂದ ಇಡೀ ದೇಶಕ್ಕೆ ಒಂದೇ ಸಲ ಹಾಡು ಇಳಿಯುತ್ತೆ. ಅಮೆರಿಕದಲ್ಲಿ ಮೊದಲು ಸಿರಿಯಸ್, ಎಕ್ಸ್‌ಎಂ ಅಂತ ಎರಡು ಕಂಪನಿ ಇದ್ದವು. 2008ರಲ್ಲಿ ಒಂದಾಗಿ ಸಿರಿಯಸ್ ಎಕ್ಸ್‌ಎಂ ಆದವು. ಅರವತ್ತರ ದಶಕದ ಹಾಡಿಗೆ ಒಂದು ಚಾನೆಲ್ಲು, ಎಪ್ಪತ್ತರದ್ದಕ್ಕೆ ಇನ್ನೊಂದು, ಬ್ಲೂಸಿಗೆ, ಜಾಝಿಗೆ, ಬ್ಲೂಗ್ರಾಸಿಗೆ, ಒಪೆರಾಕ್ಕೆ ಒಂದೊಂದು. ಸಂತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋದ ಹಾಗೆ ಚಾನೆಲ್ಲಿಂದ ಚಾನೆಲ್ಲಿಗೆ ಹೋಗ್ತಾ ಇರಬಹುದು.

ಬೆಂಗಳೂರಿನ ನಮ್ಮ ವಯಸ್ಸಿನವರಿಗೆ ಇದು ತೀರಾ ಹೊಸದೂ ಅಲ್ಲ. ವರ್ಲ್ಡ್‌ಸ್ಪೇಸ್ ನೆನಪಿರಬೇಕಲ್ಲ? ಏಷ್ಯಾಸ್ಟಾರ್ ಅನ್ನೋ ಉಪಗ್ರಹದಿಂದ ಬರ್ತಿತ್ತು. ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಾಂಧರ್ವ’. ಮೊದಲ ಕೆಲಸದಲ್ಲಿದ್ದಾಗ ನಮ್ಮ ರೂಮಿನಲ್ಲಿ ಒಂದು ಸೆಟ್ಟಿತ್ತು. ಅದರ ಆಂಟೆನಾವನ್ನ ಕಿಟಕಿಯಲ್ಲಿ ಆಕಾಶದ ಕಡೆ ಸರಿಯಾಗಿ ತಿರುಗಿಸಿ ಇಡೋದೇ ಒಂದು ಕೆಲಸ. ಯಾರಾದರೂ ಪಂಚೆ ಒಣಗಹಾಕಿದರೆ ಭೀಮಸೇನ ಜೋಶಿಯವರು ನಿಂತೇ ಹೋಗೋರು. 2009ರ ಡಿಸೆಂಬರ್ 31ಕ್ಕೆ ಅದು ಭಾರತದಲ್ಲಿ ನಿಂತುಹೋಯ್ತು. ದುಡ್ಡು ಕಟ್ಟಿ ರೇಡಿಯೋ ಕೇಳೋ ಅಭ್ಯಾಸ ನಮ್ಮಲ್ಲಿ ಬೆಳೀಲೇ ಇಲ್ಲ.

ಡಲ್ಲಾಸಿನ ಕಾರಿನಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ವಿಷಯ. ಹಾಡು ಶುರುವಾದ ತಕ್ಷಣ ಮುಂದಿನ ಪುಟ್ಟ ಪರದೆ ಮೇಲೆ ಹಾಡಿನ ಹೆಸರು, ಹಾಡಿದವರ ಹೆಸರು ಬರ್ತಿತ್ತು. ನಾನು ಆಕಾಶವಾಣಿ ಕೇಳಿ ಬೆಳೆದವನು. ಹಟ್ಟಿಯಲ್ಲಿ ಹಾಲು ಕರೆಯೋ ಹೊತ್ತಿಗೆ ರೇಡಿಯೋದಲ್ಲಿ ಹಾಡಿಗೆ ಮೊದಲು ಚಿತ್ರದ ಹೆಸರು, ಸಾಹಿತ್ಯ ಇಂಥವರದು, ಸಂಗೀತ ಇಂಥವರದು, ಹಾಡಿದವರು ಇಂಥವರು ಅಂತ ನಿಧಾನಕ್ಕೆ ಹೇಳೋರು. ಚಿ. ಉದಯಶಂಕರ್, ರಾಜನ್-ನಾಗೇಂದ್ರ, ಪಿ.ಬಿ. ಶ್ರೀನಿವಾಸ್ ಇವರೆಲ್ಲ ನಮಗೆ ಸಂಬಂಧಿಕರ ಹೆಸರಿನ ಹಾಗೆ ಬಾಯಿಪಾಠ. ಆಮೇಲೆ ಬಂದ ಖಾಸಗಿ ಎಫ್‌ಎಂಗಳಲ್ಲಿ ಆ ಪುರುಸೊತ್ತು ಕಾಣಲಿಲ್ಲ. ಹಾಡು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತೆ, ಮಧ್ಯ ಮನೆ ಸೈಟಿನ ಜಾಹೀರಾತು. ಹಾಗಾಗಿ ಆ ಪರದೆ ಮೇಲಿನ ಹೆಸರು ನೋಡಿ ಖುಷಿಯಾಗಿ, ಕೆಂಪು ದೀಪದಲ್ಲಿ ನಿಂತಾಗಲೆಲ್ಲ ಫೋನಿಗೆ ಆ ಹೆಸರು ಹೇಳಿ ಇಟ್ಟುಕೊಳ್ಳೋಕೆ ಶುರು ಮಾಡಿದೆ. ರಾತ್ರಿ ರೂಮಿಗೆ ಬಂದು, ಅನ್ನ-ಸಾರು ಮಾಡ್ಕೊಂಡು, ಇವರು ಯಾರು, ಏನು ಅಂತ ಓದ್ತಿದ್ದೆ. ಬೇರೆ ಕೆಲಸ ಏನಿತ್ತು?

ಒಂದಿನ ಅರವತ್ತರ ದಶಕದ ಚಾನೆಲ್ಲಿನಲ್ಲಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಬಂತು. ‘ಲಯನ್ ಕಿಂಗ್’ ಸಿನಿಮಾ ನೋಡಿದವರಿಗೆಲ್ಲ ಗೊತ್ತು, ಹಂದಿ ಮತ್ತದರ ಗೆಳೆಯ ಹಾಡ್ಕೊಂಡು ಹೋಗೋ ಹಾಡು. ಪರದೆ ಮೇಲೆ ‘ದಿ ಟೋಕನ್ಸ್’ ಅಂತ ಬಂತು. ನ್ಯೂಯಾರ್ಕಿನ ಹುಡುಗರ ತಂಡ, 1961ರ ಹಾಡು. ಮಕ್ಕಳ ಹಾಡಿನ ಹಾಗೆ ಹಗುರವಾಗಿದೆ, ನಾನೂ ಸ್ಟೀರಿಂಗ್ ಮೇಲೆ ತಾಳ ಹಾಕಿದೆ. ರಾತ್ರಿ ಓದಿದಾಗ ಗೊತ್ತಾಯ್ತು, ಆ ಹಾಡಿನ ಬೇರು ದಕ್ಷಿಣ ಆಫ್ರಿಕಾದಲ್ಲಿದೆ ಅಂತ. ಸೊಲೊಮನ್ ಲಿಂಡಾ ಅನ್ನೋ ಜುಲು ಮನುಷ್ಯ ಜೋಹಾನ್ಸ್‌ಬರ್ಗಿನ ರೆಕಾರ್ಡ್ ಕಂಪನಿಯೊಂದರಲ್ಲಿ ರೆಕಾರ್ಡುಗಳನ್ನ ಪ್ಯಾಕ್ ಮಾಡೋ ಕೆಲಸದಲ್ಲಿದ್ದ. 1939ರಲ್ಲಿ ತನ್ನ ತಂಡದ ಜೊತೆ ‘ಎಂಬುಬೆ’, ಅಂದರೆ ಸಿಂಹ, ಅನ್ನೋ ಹಾಡನ್ನ ಹಾಡಿದ. ಹಾಡ್ತಾ ಹಾಡ್ತಾ ಕೊನೆಯಲ್ಲಿ ಅವನ ಗಂಟಲಿಂದ ತಾನಾಗೇ ಹೊರಟ ಒಂದು ಎತ್ತರದ ಎಳೆಯೇ ಮುಂದೆ ಲೋಕವೆಲ್ಲ ಗುನುಗಿದ ರಾಗ ಆಯ್ತು. ಅವನಿಗೆ ಸಿಕ್ಕಿದ್ದು ಹತ್ತು ಶಿಲ್ಲಿಂಗ್ ಅಂತ ಹೇಳ್ತಾರೆ.

ಆ ರೆಕಾರ್ಡು ಅಮೆರಿಕಕ್ಕೆ ಹೋಯ್ತು. ಪೀಟ್ ಸೀಗರ್ ಅನ್ನೋ ದೊಡ್ಡ ಗಾಯಕರು ಅದನ್ನ ಕೇಳಿ ಬರ್ಕೊಂಡರು. ‘ಉಯಿಂಬುಬೆ’ ಅನ್ನೋ ಮಾತು ಅವರ ಕಿವಿಗೆ ‘ವಿಮೊವೆ’ ಅಂತ ಕೇಳಿಸಿ, ಅದೇ ಹೆಸರಲ್ಲಿ ಅವರ ತಂಡದ ಹಾಡು ಹಿಟ್ ಆಯ್ತು. ಆಮೇಲೆ ಟೋಕನ್ಸ್ ಹಾಡಿದರು, ಇಂಗ್ಲಿಷ್ ಸಾಹಿತ್ಯ ಬರೆದವರ ಹೆಸರುಗಳು ಕಾಗದದ ಮೇಲೆ ಬಂದವು. ಲಿಂಡಾ 1962ರಲ್ಲಿ ಬಡವನಾಗೇ ಸತ್ತ. ಕೊನೆಗೆ ಬ್ರಿಟಿಷರ ಕಾಲದ ಹಳೇ ಕಾಪಿರೈಟ್ ಕಾನೂನಿನ ಒಂದು ಅಂಶ ಸಿಕ್ಕಿತು: ಬರೆದವನು ಸತ್ತ 25 ವರ್ಷಕ್ಕೆ ಹಕ್ಕು ವಾರಸುದಾರರಿಗೆ ವಾಪಸ್ ಬರಬೇಕು. ಅದನ್ನ ಹಿಡ್ಕೊಂಡು ಸೊವೆಟೊದಲ್ಲಿದ್ದ ಅವನ ಹೆಣ್ಣುಮಕ್ಕಳ ಪರವಾಗಿ ಕೇಸು ನಡೆದು, 2006ರಲ್ಲಿ ಒಪ್ಪಂದ ಆಯ್ತು. ಹಾಡು ಹುಟ್ಟಿ 67 ವರ್ಷ.

ಇದನ್ನ ಓದಿದಾಗ ಎಲ್ಲರಿಗೂ ಬರೋ ಸಿಟ್ಟು ನನಗೂ ಬಂತು. ಆದರೆ ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳೀತು. ಸೀಗರ್ ಕಳ್ಳರಲ್ಲ. ಬಡವರ ಪರ, ಕರಿಯರ ಪರ ಜೀವನವಿಡೀ ನಿಂತ ಮನುಷ್ಯ. ಹಾಡು ಲಿಂಡಾನದು ಅಂತ ಗೊತ್ತಾದ ಮೇಲೆ ಅವನಿಗೆ ದುಡ್ಡನ್ನೂ ಕಳಿಸಿದ್ದರು. ಹಾಗಿದ್ದೂ ಇದು ಹೀಗ್ಯಾಕಾಯ್ತು? ಆಫ್ರಿಕಾದಿಂದ ಬಂದ ಹಾಡು ಅಂದ ಕೂಡಲೇ ಅದು ‘ಜನಪದ’ ಅಂತ ಅಂದುಕೊಳ್ಳೋದು ಅವತ್ತಿನ ರೂಢಿ. ಜನಪದ ಅಂದರೆ ಯಾರದೂ ಅಲ್ಲ, ಯಾರದೂ ಅಲ್ಲದ್ದಕ್ಕೆ ಯಾರಿಗೂ ಕೊಡಬೇಕಾದ್ದಿಲ್ಲ. ಎಲ್ಲ ಅನ್ಯಾಯ ಆಗಿದ್ದು ಆ ಒಂದು ಒಳ್ಳೇ ಪದದ ನೆರಳಿನಲ್ಲಿ.

ಆ ವರ್ಷ ಆಗಸ್ಟ್ 16ಕ್ಕೆ ಅರೀತಾ ಫ್ರಾಂಕ್ಲಿನ್ ತೀರಿಕೊಂಡರು. ವಾರವಿಡೀ ಸೋಲ್ ಚಾನೆಲ್ಲಿನಲ್ಲಿ ಅವರದೇ ಹಾಡು. ‘ರೆಸ್ಪೆಕ್ಟ್’ ಅನ್ನೋ ಅವರ 1967ರ ಹಾಡನ್ನ ದಿನಕ್ಕೆ ಎರಡು ಸಲ ಕೇಳಿರಬಹುದು. ಮರ್ಯಾದೆ ಕೊಡು ಅಂತ ಕೇಳೋ ಹಾಡು. ಆಗಲೇ ನನಗೆ ತಿಳಿದಿದ್ದು, ಅಮೆರಿಕದಲ್ಲಿ ಮಾಮೂಲಿ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ದುಡ್ಡು ಹೋಗುತ್ತೆ, ಹಾಡಿದವರಿಗೆ ಹೋಗಲ್ಲ ಅಂತ. ‘ರೆಸ್ಪೆಕ್ಟ್’ ಬರೆದಿದ್ದು ಓಟಿಸ್ ರೆಡ್ಡಿಂಗ್. ಲಕ್ಷಾಂತರ ಸಲ ರೇಡಿಯೋದಲ್ಲಿ ಮರ್ಯಾದೆ ಕೇಳಿದ ಹೆಂಗಸಿಗೆ ರೇಡಿಯೋದವರು ಕೊಟ್ಟಿದ್ದು ಸೊನ್ನೆ. ಉಪಗ್ರಹ ಮತ್ತು ಇಂಟರ್ನೆಟ್ ರೇಡಿಯೋಗೆ ಮಾತ್ರ ಬೇರೆ ನಿಯಮ. 1995ರ ಕಾನೂನಿನ ಪ್ರಕಾರ ಅವು ಹಾಡಿದವರಿಗೂ ಕೊಡಬೇಕು. ನೂರು ರೂಪಾಯಿ ಬಂದರೆ ಐವತ್ತು ರೆಕಾರ್ಡಿಂಗಿನ ಹಕ್ಕುದಾರರಿಗೆ, ನಲವತ್ತೈದು ಮುಖ್ಯ ಕಲಾವಿದರಿಗೆ, ಉಳಿದ ಐದು ಹಿಂದೆ ಕೂತು ನುಡಿಸಿದವರಿಗೆ, ಕೋರಸ್ ಹಾಡಿದವರಿಗೆ. ಆ ಐದು ರೂಪಾಯಿ ನನಗೆ ಬಹಳ ಇಷ್ಟವಾಯ್ತು. ಹಿಂದೆ ಕೂತವರನ್ನ ಲೆಕ್ಕಕ್ಕೆ ಹಿಡಿದ ಕಾನೂನು ಕಮ್ಮಿ.

ಆದರೆ ಅದರಲ್ಲೂ ಒಂದು ತೂತಿತ್ತು. 1972ರ ಫೆಬ್ರವರಿ 15ಕ್ಕಿಂತ ಹಿಂದಿನ ಧ್ವನಿಮುದ್ರಣಗಳು ಅಲ್ಲಿನ ಕೇಂದ್ರ ಕಾಪಿರೈಟ್ ಕಾನೂನಿನ ಒಳಗೇ ಬರ್ತಿರಲಿಲ್ಲ. ‘ದಿ ಟರ್ಟಲ್ಸ್’ ಅನ್ನೋ ತಂಡದ ಇಬ್ಬರು, ‘ಹ್ಯಾಪಿ ಟುಗೆದರ್’ ಹಾಡಿದವರು, 2013ರಲ್ಲಿ ಸಿರಿಯಸ್ ಎಕ್ಸ್‌ಎಂ ಮೇಲೆ ಕೇಸು ಹಾಕಿದರು. ನಮ್ಮ ಹಳೇ ಹಾಡು ಹಾಕಿ ದುಡ್ಡು ಮಾಡ್ತೀರಿ, ನಮಗೆ ಕೊಡೋದಿಲ್ಲ ಅಂತ. 2016ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ, ನಮ್ಮ ರಾಜ್ಯದ ಕಾನೂನಿನಲ್ಲಿ ಅಂಥಾ ಹಕ್ಕೇ ಇಲ್ಲ ಅಂತು. ನಾನು ಅಲ್ಲಿದ್ದಾಗಲೇ, 2018ರ ಅಕ್ಟೋಬರ್ 11ಕ್ಕೆ, ಹೊಸ ಕಾನೂನಿಗೆ ಸಹಿ ಬಿತ್ತು. ಅಂದಿನಿಂದ ಉಪಗ್ರಹ ಮತ್ತು ಇಂಟರ್ನೆಟ್ ರೇಡಿಯೋದಲ್ಲಿ ಹಳೇ ಹಾಡಿನವರಿಗೂ ಪಾಲು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಕ್ಟೋಬರ್ 10ಕ್ಕೆ ಕೇಳಿದ ಹಾಡಿಗೂ 12ಕ್ಕೆ ಕೇಳಿದ ಅದೇ ಹಾಡಿಗೂ ಏನು ವ್ಯತ್ಯಾಸ? ನನ್ನ ಕಿವಿಗೆ ಆದ ಉಪಕಾರ ಎರಡು ದಿನವೂ ಒಂದೇ. ಕಾನೂನು ಕೇಳೋದು ‘ಇದರ ಒಡೆಯ ಯಾರು’ ಅಂತ. ಒಡೆಯ ಸಿಕ್ಕದಿದ್ದರೆ ಫೈಲು ಮುಚ್ಚುತ್ತೆ. ನಾವು ಊರಿನ ಕಡೆ ಮಾತಾಡೋ ‘ಋಣ’ ಹಾಗಲ್ಲ. ಉಪ್ಪಿನ ಋಣ, ಅನ್ನದ ಋಣ ಅಂತೀವಿ. ಉಪ್ಪನ್ನ ಯಾರು ಬೆಳೆದರು, ಅದರ ಹಕ್ಕು ಯಾರದು ಅಂತ ಯಾರೂ ಕೇಳಲ್ಲ. ತಿಂದಿದ್ದೀಯಲ್ಲ, ಸಾಕು. ಹಳಬರು ಮನುಷ್ಯ ಹುಟ್ಟುತ್ತಲೇ ದೇವಋಣ, ಪಿತೃಋಣ, ಋಷಿಋಣ ಹೊತ್ತು ಬರ್ತಾನೆ ಅಂದರು. ಋಷಿಋಣ ಅಂದರೆ ಕಲಿತದ್ದರ ಋಣ. ಅದರಲ್ಲಿ ಒಡೆತನದ ಮಾತೇ ಇಲ್ಲ. ಒಡೆತನ ಬೇರೆ, ಋಣ ಬೇರೆ. ಒಡೆಯ ಇಲ್ಲದ ಕಡೆಯೂ ಋಣ ಇರುತ್ತೆ. ಇದು ನನ್ನ ವಾದ. ಆದರೆ ನನ್ನ ವಾದದ ವಿರುದ್ಧ ಮೊದಲ ಸಾಕ್ಷಿ ನಾನೇ.

2006. ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜು ಹಬ್ಬದಲ್ಲಿ ಜಾನಪದ ಗೀತೆ ಸ್ಪರ್ಧೆ ಇತ್ತು. ಅಜ್ಜಿ ಹಾಡ್ತಿದ್ದ ಒಂದು ಪದ ನನಗೆ ಬರ್ತಿತ್ತು. ತವರಿಂದ ಕರೆಯೋಕೆ ಅಣ್ಣ ಬರ್ತಾನೆ ಅಂತ ಕೆರೆ ಏರಿ ಮೇಲೆ ನಿಂತು ದಾರಿ ನೋಡೋ ಹೆಣ್ಣಿನ ಪದ. ಹಾಡಿದೆ. ಎರಡನೇ ಬಹುಮಾನ, ಸ್ಟೀಲ್ ಕ್ಯಾರಿಯರ್ರು. ಫಾರಮ್ಮಿನಲ್ಲಿ ‘ರಚನೆ’ ಅಂತ ಒಂದು ಕಾಲಂ ಇತ್ತು, ಅದರಲ್ಲಿ ‘ಜನಪದ’ ಅಂತ ಬರೆದಿದ್ದೆ. ಎಲ್ಲರೂ ಹಾಗೇ ಬರೆದಿದ್ದರು.

ರಜಕ್ಕೆ ಊರಿಗೆ ಹೋದಾಗ ಕ್ಯಾರಿಯರ್ ಅಜ್ಜಿ ಕೈಗೆ ಕೊಟ್ಟೆ. ಅದನ್ನ ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

“ಯಾರಿಂದ ಕಲ್ತೆ ಅಂತ ಹೇಳ್ದಾ?”

“ಅದು ಜನಪದ ಕಣಜ್ಜಿ. ಯಾರ್ದೂ ಅಲ್ಲ ಅದು.”

“ಯಾರ್ದೂ ಅಲ್ದಿದ್ರೆ ನನ್ ಬಾಯಿಗೆ ಹೆಂಗ್ಲಾ ಬಂತು?”

ನಾನು ನಕ್ಕೆ. ಅಜ್ಜಿಗೆ ತನ್ನ ಹೆಸರು ಹೇಳಲಿಲ್ಲ ಅಂತ ಬೇಜಾರು ಅಂತ ತಿಳ್ಕೊಂಡೆ. ಅದು ಅಲ್ಲ. ಅವಳು ಆಮೇಲೆ ಹೇಳಿದ್ದು ಇಷ್ಟು: ಆ ಪದ ಅವಳದ್ದಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಹೊಲಕ್ಕೆ ರಾಗಿ ಕಳೆ ತೆಗೆಯೋಕೆ ಕೇರಿಯಿಂದ ಒಬ್ಬಳು ಬರ್ತಿದ್ದಳು. ಸಾಲಿನಲ್ಲಿ ಅವಳು ಹೇಳಿಕೊಡೋಳು, ಉಳಿದವರು ದನಿಗೂಡಿಸೋರು. ಅಜ್ಜಿಗೆ ಹದಿನಾರೋ ಹದಿನೇಳೋ ವಯಸ್ಸು, ತವರು ನೆನಪಾಗಿ ಅಳ್ತಿದ್ದಳಂತೆ. ಇವಳ ಮುಖ ನೋಡಿ ಅವಳು ಆ ಪದ ಎತ್ತಿದಳಂತೆ. ಅಜ್ಜಿ ಅವಳ ಹೆಸರನ್ನೂ ಹೇಳಿದಳು. ಎರಡು ಸಲ ಹೇಳಿದಳು.

ಆ ಹೆಸರು ನನಗೆ ಮರೆತು ಹೋಗಿದೆ.

ಅಜ್ಜಿ 2011ರಲ್ಲಿ ಹೋದಳು. ಅಪ್ಪನಿಗೆ ಗೊತ್ತಿಲ್ಲ, ಅಮ್ಮನಿಗೆ ಗೊತ್ತಿಲ್ಲ. ನನಗೆ ಟೋಕನ್ಸ್ ತಂಡ ಗೊತ್ತು, ಟರ್ಟಲ್ಸ್ ತಂಡದ ಕೇಸಿನ ತೀರ್ಪು ಗೊತ್ತು. ನನ್ನ ಅಜ್ಜಿಯ ಅಳು ನಿಲ್ಲಿಸಿದವಳ ಹೆಸರು ಗೊತ್ತಿಲ್ಲ. ಅವತ್ತಿನ ಕಾಲದಲ್ಲಿ ನಮ್ಮ ಮನೆಯವರು ಅವಳಿಗೆ ಕುಡಿಯೋಕೆ ನೀರು ಕೊಡಬೇಕಾದರೆ ಬೊಗಸೆಗೆ ಮೇಲಿಂದ ಹುಯ್ತಿದ್ದರು. ಇದನ್ನೂ ಅಜ್ಜಿಯೇ ಹೇಳಿದ್ದು, ನಾಚಿಕೆ ಇಲ್ಲದೆ, ಹೆಮ್ಮೆಯೂ ಇಲ್ಲದೆ. ನೀರು ಅಷ್ಟು ದೂರದಿಂದ ಹೋಗ್ತಿದ್ದ ಹೊಲದಲ್ಲಿ ಹಾಡು ಮಾತ್ರ ಅವಳ ಬಾಯಿಂದ ನೇರ ನಮ್ಮಜ್ಜಿ ಬಾಯಿಗೆ ಬಂತು. ಕಳೆ ತೆಗೆದದ್ದಕ್ಕೆ ಕೂಲಿ ಕೊಟ್ಟರು, ಅದೆಷ್ಟೋ. ಹಾಡಿಗೆ? ನಾನು ತಗೊಂಡೆ ಒಂದು ಕ್ಯಾರಿಯರ್ರು.

ಇನ್ನೊಂದು ಘಟನೆ ಹೇಳ್ತೀನಿ, ಇದು ಡಲ್ಲಾಸಿನದು. ನಮ್ಮ ಟೀಮಿನ ಹೊಸ ಹುಡುಗ ಒಬ್ಬ ಹೊರಗಿನ ಒಂದು ಓಪನ್ ಸೋರ್ಸ್ ಫೈಲನ್ನ ನಮ್ಮ ಪ್ರಾಜೆಕ್ಟಿಗೆ ತಂದಿದ್ದ. ತರುವಾಗ ಮೇಲಿದ್ದ ಲೈಸೆನ್ಸಿನ ಸಾಲುಗಳನ್ನ ಅಳಿಸಿದ್ದ, ನೋಡೋಕೆ ಚೆಂದ ಇರಲಿ ಅಂತ. ನಾನು ರಿವ್ಯೂನಲ್ಲಿ ತಡೆದೆ. ಅದು ಎಂಐಟಿ ಲೈಸೆನ್ಸು. ಜಗತ್ತಿನಲ್ಲೇ ಅತಿ ಉದಾರವಾದ ಲೈಸೆನ್ಸುಗಳಲ್ಲಿ ಒಂದು. ನಕಲು ಮಾಡು, ತಿದ್ದು, ಮಾರು, ದುಡ್ಡು ಮಾಡು, ಏನು ಬೇಕಾದರೂ ಮಾಡು, ನನ್ನ ಹೆಸರಿರೋ ಆ ಸಾಲನ್ನ, ಈ ಷರತ್ತನ್ನ ಅಳಿಸಬೇಡ ಅಂತ ಮಾತ್ರ ಕೇಳುತ್ತೆ. “ಪುಕ್ಕಟೆ ಕೊಟ್ಟವನು ಕೇಳಿದ್ದು ಇದೊಂದೇ, ಅದನ್ನೂ ಕೊಡಲಿಲ್ಲ ಅಂದ್ರೆ ಹೆಂಗೆ?” ಅಂತ ಅವನಿಗೆ ಗಂಭೀರವಾಗಿ ಬುದ್ಧಿ ಹೇಳಿದೆ. ಸಂಜೆ ಕಾರಿನಲ್ಲಿ ಕೂತಾಗ ನನಗೆ ನಾನು ಹೇಳಿದ್ದು ಕೇಳಿಸ್ತು. ನಾನೂ ಒಂದು ಫಾರಮ್ಮಿನ ಕಾಲಮ್ಮಿನಲ್ಲಿ ‘ಜನಪದ’ ಅಂತ ಬರೆದು ಎರಡು ಹೆಸರು ಅಳಿಸಿದ್ದೆ. ನಾನು ಅಳಿಸಿದ್ದಕ್ಕೆ ರಿವ್ಯೂ ಮಾಡಿದವಳು ಅಜ್ಜಿ ಒಬ್ಬಳೇ.

ಈಗ ಎದುರು ವಾದ ನೋಡೋಣ, ಅದು ಹಗುರದ್ದಲ್ಲ. ಹಾಡು ಅನ್ನೋದು ಹೊಲ-ಮನೆ ಹಾಗಲ್ಲ. ನಾನು ಹಾಡಿದರೆ ನಿಮ್ಮ ಹಾಡು ಕಮ್ಮಿಯಾಗಲ್ಲ, ದೀಪದಿಂದ ದೀಪ ಹಚ್ಚಿದ ಹಾಗೆ. ಅಜ್ಜಿ ಕಲಿಯುವಾಗ ಅಪ್ಪಣೆ ಕೇಳಿದ್ದಳಾ? ಹೇಳಿಕೊಟ್ಟವಳೂ ಇನ್ಯಾರಿಂದಲೋ ಕಲಿತಿದ್ದಳು. ಪ್ರತಿ ಪದಕ್ಕೂ ಹೆಸರು, ಲೆಕ್ಕ, ಪಾಲು ಅಂತ ಕೂತಿದ್ದರೆ ನಮ್ಮ ಒಂದು ತ್ರಿಪದಿಯೂ ಊರಿನ ಗಡಿ ದಾಟ್ತಿರಲಿಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜನಪದ ಕಥೆಯೂ ಇದನ್ನೇ ಹೇಳುತ್ತೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳ್ತಿರಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದು, ಕಥೆ ಜೋಡಾಗಿ, ಹಾಡು ಕೋಟಾಗಿ ಬಾಗಿಲಲ್ಲಿ ಕೂತವು. ಗಂಡ ಬಂದು, ಯಾರ ಜೋಡು ಇದು, ಯಾರ ಕೋಟು ಇದು ಅಂತ ಜಗಳ ತೆಗೆದು, ಮುನಿಸಿಕೊಂಡು ಹನುಮಂತನ ಗುಡಿಗೆ ಮಲಗೋಕೆ ಹೋದ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಅಲ್ಲಿ ಸೇರಿ ಮಾತಾಡ್ತವೆ. ಅವನ ಮನೆ ದೀಪ ತಡವಾಗಿ ಬಂದು ನಡೆದದ್ದನ್ನ ಹೇಳಿತು. ಅವನು ಮನೆಗೆ ಬಂದು ಆ ಕಥೆ, ಹಾಡು ಯಾವುದು ಅಂತ ಕೇಳಿದರೆ ಅವಳಿಗೆ ಎರಡೂ ಮರೆತು ಹೋಗಿದೆ. ಕಥೆಯ ಪ್ರಕಾರ ಪಾಪ ಇರೋದು ಹಂಚೋದರಲ್ಲಲ್ಲ, ಬಚ್ಚಿಡೋದರಲ್ಲಿ.

ಇನ್ನೊಂದು ಎದುರು ವಾದ ಮೊಹಮ್ಮದ್ ರಫಿಯವರದು. 1960ರ ದಶಕದ ಶುರುವಿನಲ್ಲಿ ಲತಾ ಮಂಗೇಶ್ಕರ್, ಹಾಡಿದವರಿಗೂ ರಾಯಲ್ಟಿ ಬೇಕು ಅಂದರು. ರಫಿ ಒಪ್ಪಲಿಲ್ಲ. ಹಾಡಿದೆವು, ಸಂಭಾವನೆ ತಗೊಂಡೆವು, ಅಲ್ಲಿಗೆ ಮುಗೀತು ಅನ್ನೋದು ಅವರ ನಿಲುವು. ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡಲೇ ಇಲ್ಲ. ರಫಿಯವರದು ದಾರಾಳ ಮನಸ್ಸಿನ ಮಾತು, ಅದನ್ನ ಕೇಳಿದರೆ ತಲೆ ಬಾಗುತ್ತೆ. ಆದರೆ ಒಂದು ಸೂಕ್ಷ್ಮ ಇದೆ. ‘ನನಗೆ ಬೇಡ’ ಅಂತ ಕೊಟ್ಟವನು ಹೇಳಬಹುದು. ‘ನಿನಗೆ ಬೇಡ’ ಅಂತ ತಗೊಂಡವನು ಹೇಳೋಕಾಗಲ್ಲ. ಋಣ ಮನ್ನಾ ಮಾಡೋ ಅಧಿಕಾರ ಸಾಲಗಾರನಿಗಿಲ್ಲ.

ಹಂಚಬೇಕು ಅನ್ನೋ ಮಾತನ್ನೂ ನಾನು ಪೂರ್ತಿ ಒಪ್ತೀನಿ. ಹಂಚೋದು ತಪ್ಪಾಗಿದ್ದರೆ ಅಜ್ಜಿ ನನಗೆ ಕಲಿಸ್ತಿರಲಿಲ್ಲ. ಅವಳು ಹಾಡಬೇಡ ಅನ್ನಲಿಲ್ಲ, ಕ್ಯಾರಿಯರ್ ವಾಪಸ್ ಕೊಡು ಅನ್ನಲಿಲ್ಲ. ಹೇಳಿದೆಯಾ ಅಂತ ಕೇಳಿದಳು, ಅಷ್ಟೇ. ಆದರೆ ‘ಹೆಸರು ಹೇಳಿದರೆ ಸಾಕು’ ಅನ್ನೋದೂ ಉಳ್ಳವರಿಗೆ ಅನುಕೂಲದ ಮಾತು ಆಗಬಹುದು. ಸೊಲೊಮನ್ ಲಿಂಡಾನ ಮಕ್ಕಳಿಗೆ ಪರದೆ ಮೇಲಿನ ಹೆಸರಿಂದ ಹಿಟ್ಟು ಬರ್ತಿರಲಿಲ್ಲ. ಹಾಡಿಂದ ದುಡ್ಡು ಹುಟ್ಟಿದ ಕಡೆ ಋಣ ದುಡ್ಡಿನಲ್ಲೇ ತೀರಬೇಕು, ಹೆಸರು ಕೊಟ್ಟು ತಪ್ಪಿಸಿಕೊಳ್ಳಬಾರದು. ದುಡ್ಡು ಹುಟ್ಟದ ಕಡೆ, ಜಗುಲಿ ಮೇಲೆ, ತೊಟ್ಟಿಲ ಹತ್ತಿರ, ಹೆಸರು ಹೇಳೋದು ಮತ್ತು ಮುಂದಕ್ಕೆ ಕಲಿಸೋದು. ಇಷ್ಟರ ಮಟ್ಟಿಗೆ ನನಗೆ ಗೊಂದಲ ಇಲ್ಲ.

ಗೊಂದಲ ಇರೋದು ಹೆಸರೇ ಕಳೆದುಹೋದಾಗ. ಅದಕ್ಕೆ ಇನ್ನೊಂದು ಹಾಡಿನ ಬಗ್ಗೆ ಹೇಳಬೇಕು.

ನವೆಂಬರಿನ ಒಂದು ಸಂಜೆ, ಬೇಗ ಕತ್ತಲಾಗಿತ್ತು, ಬ್ಲೂಸ್ ಚಾನೆಲ್ಲಿನಲ್ಲಿ ಒಂದು ಹಾಡು ಬಂತು. ಮಾತೇ ಇಲ್ಲ. ಗಿಟಾರಿನ ತಂತಿ ಜಾರ್ತಾ ಇದೆ, ಅದರ ಜೊತೆ ಗಂಡಸೊಬ್ಬ ಗುನುಗ್ತಾ, ನರಳ್ತಾ ಇದಾನೆ. ರಾತ್ರಿ ಹೊತ್ತು ಹಟ್ಟಿಯಲ್ಲಿ ಯಾರೋ ವಯಸ್ಸಾದವರು ತಮ್ಮಷ್ಟಕ್ಕೆ ತಾವು ಗೊಣಗಿಕೊಂಡ ಹಾಗೆ. ಪರದೆ ಮೇಲೆ ಬ್ಲೈಂಡ್ ವಿಲ್ಲಿ ಜಾನ್ಸನ್, ‘ಡಾರ್ಕ್ ವಾಸ್ ದ ನೈಟ್’. ಟೆಕ್ಸಾಸಿನ ಕುರುಡ ಕರಿಯ ಗಾಯಕ, ಬೀದಿ ಮೂಲೆಗಳಲ್ಲಿ ಹಾಡ್ತಿದ್ದವನು. ಆ ಹಾಡಿನ ಧ್ವನಿಮುದ್ರಣ ಆಗಿದ್ದು 1927ರ ಡಿಸೆಂಬರಿನಲ್ಲಿ, ಡಲ್ಲಾಸಿನಲ್ಲೇ. ನಾನು ಕಾರು ಓಡಿಸ್ತಿದ್ದ ಊರಲ್ಲೇ. ಅವನು 1945ರಲ್ಲಿ ಬ್ಯೂಮಾಂಟ್ ಅನ್ನೋ ಊರಲ್ಲಿ ಬಡತನದಲ್ಲಿ ಸತ್ತ. ಹಾಡಿದ್ದು ಒಂದು ಸಣ್ಣ ಕೋಣೆಯಲ್ಲಿ, ಈಗ ಅದು ಉಪಗ್ರಹದಿಂದ ಇಳಿದು ನನ್ನ ಕಾರಿಗೆ ಬರ್ತಿದೆ.

ಬರೀ ಉಪಗ್ರಹ ಅಲ್ಲ. 1977ರಲ್ಲಿ ನಾಸಾ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ತಟ್ಟೆ ಇದೆಯಲ್ಲ, ಭೂಮಿಯ 27 ಸಂಗೀತದ ತುಣುಕುಗಳಿರೋದು, ಅದರಲ್ಲಿ ಈ ಕುರುಡನ ಗುನುಗೂ ಇದೆ. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಗೋವಾದ ಕೇರಿ ಅನ್ನೋ ಊರಿನವರು. ವಾಯೇಜರ್ 1 ಹಾರಿದ್ದು ಸೆಪ್ಟೆಂಬರ್ 5ಕ್ಕೆ, ಆಕೆ ತೀರಿಕೊಂಡಿದ್ದು ಸೆಪ್ಟೆಂಬರ್ 16ಕ್ಕೆ. 2012ರಲ್ಲಿ ಆ ನೌಕೆ ಸೂರ್ಯನ ಗಾಳಿ ಬೀಸೋ ಎಲ್ಲೆಯನ್ನೂ ದಾಟಿ ಹೋಯ್ತು. ಹಾಡಿದವರು ಹೋದರು, ಹಾಡು ಹೋಗ್ತಾನೇ ಇದೆ.

ಇದನ್ನ ಓದಿದ ರಾತ್ರಿ ನನಗೆ ಹೊಟ್ಟೆಕಿಚ್ಚಿನ ಹಾಗೆ ಒಂದು ಸಂಕಟ ಆಯ್ತು. ಇವರಿಬ್ಬರ ಧ್ವನಿ ಉಳೀತು, ಹೆಸರೂ ಉಳೀತು, ಯಾರೋ ಒಬ್ಬರು ಬರೆದಿಟ್ಟಿದ್ದಕ್ಕೆ. ನಮ್ಮ ಹೊಲದಲ್ಲಿ ಹಾಡಿದವಳ ಹೆಸರು ಬರೆದುಕೊಳ್ಳೋ ಅವಕಾಶ ಇಡೀ ಪ್ರಪಂಚದಲ್ಲಿ ಇದ್ದಿದ್ದು ನನಗೊಬ್ಬನಿಗೆ. ಕೈಯಲ್ಲಿ ಪೆನ್ನೂ ಇತ್ತು, ಜೇಬಲ್ಲಿ ಫೋನೂ ಇತ್ತು.

ವಾಪಸ್ ಬಂದ ಮೇಲೆ ಒಂದು ಸಲ ಊರಿಗೆ ಹೋದಾಗ ಕೇರಿಗೆ ಹೋದೆ. ನನ್ನ ಜೊತೆ ಓದಿದ ಒಬ್ಬ ಇದ್ದಾನೆ, ಈಗ ಹೈಸ್ಕೂಲು ಮೇಷ್ಟ್ರು. ಅವನ ಅಜ್ಜಿ ಇನ್ನೂ ಇದ್ದಳು, ಕಣ್ಣು ಕಾಣ್ತಿರಲಿಲ್ಲ, ಕಿವಿ ಚುರುಕಾಗಿತ್ತು. ಪದದ ಒಂದೆರಡು ಸಾಲು ಹಾಡಿ ತೋರಿಸಿದೆ. ಅರವತ್ತು ವರ್ಷದ ಹಿಂದೆ ನಮ್ಮ ಹೊಲದ ಕಳೆಗೆ ಬಂದು ಇದನ್ನ ಹೇಳಿಕೊಡ್ತಿದ್ದವರು ಯಾರು, ಗೊತ್ತಾ ಅಂತ ಕೇಳಿದೆ. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಆ ಪದ ನಮ್ಮಲ್ಲಿ ಎಲ್ರಿಗೂ ಬರ್ತಿತ್ತು ಕಪ್ಪ. ನಂಗೂ ಬರ್ತಿತ್ತು. ನಿಮ್ ಹೊಲಕ್ಕೆ ಎಲ್ರೂ ಬರ್ತಿದ್ರು,” ಅಂದಳು. ಆಮೇಲೆ ಕೇಳಿದಳು, “ಈಗ ಯಾಕೆ ಬೇಕಿತ್ತು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಋಣ ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವಳ ಮುಂದೆ ಆ ಪದ ಬಹಳ ದೊಡ್ಡದಾಗಿ, ನಾನು ಮಾಡಿದ್ದು ಬಹಳ ಸಣ್ಣದಾಗಿ ಕಂಡಿತು. ಗೆಳೆಯ ನಗ್ತಾ, “ಇವನು ಅಮೆರಿಕಾಗೆ ಹೋಗ್ಬಂದ್ಮೇಲೆ ಹಿಂಗಾಗಿದಾನೆ” ಅಂದ. ಕಾಫಿ ಕುಡಿದೆ. ಹೊರಡುವಾಗ ಮುದುಕಿ, “ನೀ ಹಾಡಿದ್ದರಲ್ಲಿ ಎರಡ್ನೇ ಸಾಲು ತಪ್ಪು” ಅಂದಳು. ಅವಳೇ ಹಾಡಿ ತೋರಿಸಿದಳು. ಗಂಟಲು ಒಡೆದಿತ್ತು, ಆದರೆ ಸಾಲು ಎಲ್ಲಿ ತಿರುಗಬೇಕೋ ಅಲ್ಲಿ ತಿರುಗಿತು. ಈ ಸಲ ಕೇಳಿ ರೆಕಾರ್ಡ್ ಮಾಡಿಕೊಂಡೆ. ಹಾಡಿನ ಕೊನೆಗೆ ಅವಳ ಹೆಸರನ್ನ ಅವಳ ಬಾಯಲ್ಲೇ ಹೇಳಿಸಿದೆ.

ಮಗಳಿಗೆ ಈಗ ಆ ಪದ ಕಲಿಸ್ತಾ ಇದೀನಿ, ತಿದ್ದಿದ ಎರಡನೇ ಸಾಲಿನ ಜೊತೆ. ಯಾರ ಹಾಡಪ್ಪ ಇದು ಅಂತ ಅವಳು ಕೇಳಿದರೆ ‘ಜನಪದ’ ಅನ್ನಲ್ಲ. ಮುತ್ತಜ್ಜಿ ಹಾಡ್ತಿದ್ದಳು, ಅವಳಿಗೆ ಕಲಿಸಿದವಳು ನಮ್ಮ ಹೊಲಕ್ಕೆ ಕಳೆ ತೆಗೆಯೋಕೆ ಬರ್ತಿದ್ದಳು, ಅವಳಿಗೊಂದು ಹೆಸರಿತ್ತು, ನನಗೆ ಹೇಳಿದ್ದರು, ನಾನು ಮರೆತೆ ಅಂತ ಹೇಳ್ತೀನಿ. ಎರಡನೇ ಸಾಲು ತಿದ್ದಿದವರ ಹೆಸರನ್ನ ಮಾತ್ರ ಹೇಳೋಕೆ ಬರುತ್ತೆ, ಅದನ್ನ ಹೇಳ್ತೀನಿ. ನಾಲ್ಕು ವರ್ಷದ ಮಗು, ಮೊನ್ನೆ ಕೇಳಿತು: “ನೀನ್ಯಾಕೆ ಬರ್ಕೊಳ್ಳಿಲ್ಲ?”